ತುದಿಯಿಲ್ಲದ ಹಗ್ಗ: ಜೀವತಂತುವಿನ ಹುರಿ ಮತ್ತು ತೊಡಕುಗಳ ವಿಷಯವಾಗಿ ಒಂದು ಪಾಠ



ಈ ಸ್ಮರಣ ಸಂಚಿಕೆಗೆ ಏನಾದರೂ ಬರೆದು ಕೊಡಬೇಕೆಂದು ಸಮಿತಿಯವರು ಕೇಳಿಕೊಂಡಾಗ, ಶಾಲೆಯ ಚರಿತ್ರೆಯನ್ನು ಬರೆಯುವವರು ಬೇರೆ ಇರುವದರಿಂದ, ನಾನು ಒಂದು ಪಾಠವನ್ನು ಬರೆದು ಕೊಡುವದಾಗಿ ಒಪ್ಪಿಕೊಂಡೆನು. ಅದಕ್ಕೆ ಕಾರಣವುಂಟು. ಈ ಪಾಠವು ನಾನು ಒಬ್ಬ ವಿದ್ಯಾರ್ಥಿನಿಗೆ ತೀರಿಸಬೇಕಾಗಿರುವ ಸಾಲ.

ಕೆಲವು ವರ್ಷಗಳ ಹಿಂದೆ ಹತ್ತನೆಯ ಇಯತ್ತೆಗೆ ಅನುವಂಶೀಯತೆಯ ಪಾಠವನ್ನು ಹೇಳುತ್ತಿದ್ದೆನು. ಡಿ.ಎನ್.ಎ. ಎಂಬ ಜೀವತಂತುವು ಎರಡು ಎಳೆಗಳ ಹುರಿಯೆಂದೂ, ಸೂಕ್ಷ್ಮ ಕ್ರಿಮಿಗಳಲ್ಲಿ ಅದು ಉಂಗುರದಂತೆ ಕೂಡಿಕೊಂಡಿರುವದೆಂದೂ, ಕೋಶವು ಎರಡಾಗುವಾಗ ಎಳೆಗಳು ಜಿಪ್ಪಿನಂತೆ ಬಿಚ್ಚಿಕೊಳ್ಳುವವೆಂದೂ ಹೇಳಿ, ಹಲಗೆಯ ಮೇಲೆ ಚಿತ್ರವನ್ನೂ ಬರೆದೆನು. ಆಗ ಹಿಂದಿನ ಸಾಲಿನಿಂದ ಒಬ್ಬ ಹುಡುಗಿಯು ಎದ್ದು ನಿಂತಳು. ಅವಳ ಮನೆಯಲ್ಲಿ ಬೇಸಿಗೆಯಲ್ಲಿ ಪುಂಡಿಯ ನಾರಿನಿಂದ ಹಗ್ಗ ಹೊಸೆಯುತ್ತಿದ್ದರು. ಅವಳು ಕೇಳಿದ್ದೇನೆಂದರೆ: “ಅಕ್ಕೋರ, ಹೊಸೆದ ಹಗ್ಗ ಜಿಪ್ಪಿನಂಗ ಬಿಚ್ಚಂಗಿಲ್ಲರಿ. ಒಂದ್ ಕಡೆ ಜಗ್ಗಿದ್ರ ಇನ್ನೊಂದ್ ಕಡೆ ಮುರಿ ಬಿದ್ದು ಗಂಟಾಗತೈತಿ. ಇದಕ್ಕ ತುದೀನ ಇಲ್ಲಂದ ಮ್ಯಾಲ ಹೆಂಗ ಬಿಚ್ಚತೈತ್ರಿ?”

ನನಗೆ ಉತ್ತರ ತಿಳಿದಿರಲಿಲ್ಲ. ತಿಳಿಯದೆಂದು ಒಪ್ಪಿಕೊಳ್ಳುವ ಬದಲಾಗಿ, “ಅದು ಪರೀಕ್ಷೆಗೆ ಬರುವದಿಲ್ಲ, ಕುಳಿತುಕೋ” ಎಂದು ಹೇಳಿ ಪಾಠವನ್ನು ಮುಂದೆ ಸಾಗಿಸಿದೆನು. ಅವಳು ಕುಳಿತುಕೊಂಡಳು, ಆ ವರ್ಷವೆಲ್ಲ ಮತ್ತೊಂದು ಪ್ರಶ್ನೆಯನ್ನು ಕೇಳಲಿಲ್ಲ. ಮುಂದೆ ಪುಸ್ತಕಗಳನ್ನು ತೆಗೆದು ಓದಿದಾಗ, ಜಗತ್ತಿನ ದೊಡ್ಡ ದೊಡ್ಡ ವಿಜ್ಞಾನಿಗಳು ಇಪ್ಪತ್ತೈದು ವರ್ಷಗಳವರೆಗೆ ತಲೆ ಕೆಡಿಸಿಕೊಂಡ ಪ್ರಶ್ನೆಯು ಇದೇ ಎಂಬದು ನನಗೆ ತಿಳಿದುಬಂದಿತು. ಆದುದರಿಂದ ಅವಳಿಗೆ ಅಂದು ಕೊಡದೆ ಹೋದ ಉತ್ತರವನ್ನು ಇಂದು ಎಲ್ಲರ ಮುಂದೆ ಕೊಡುತ್ತಿದ್ದೇನೆ.

1. ಹಗ್ಗದ ಪರಿಚಯ

ಡಿ.ಎನ್.ಎ. ಒಂದು ಹೊಸೆದ ಏಣಿಯಂತಿದೆ. ಎರಡು ಪಕ್ಕಗಳಲ್ಲಿ ಎರಡು ಉದ್ದನೆಯ ಎಳೆಗಳು. ನಡುವೆ ಅವುಗಳನ್ನು ಜೋಡಿಸುವ ಮೆಟ್ಟಿಲುಗಳು. ಸುಮಾರು ಹತ್ತೂವರೆ ಮೆಟ್ಟಿಲುಗಳಿಗೊಮ್ಮೆ ಒಂದು ಎಳೆಯು ಇನ್ನೊಂದನ್ನು ಪೂರ್ತಿಯಾಗಿ ಸುತ್ತಿ ಬರುತ್ತದೆ. ಈ ರಚನೆಯನ್ನು 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಎಂಬವರು ಪ್ರಕಟಿಸಿದರು. ಅದಕ್ಕೆ ದೊಡ್ಡ ಆಧಾರವಾದ ಕ್ಷಕಿರಣ ಚಿತ್ರವು 1952ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ರೊಸಾಲಿಂಡ್ ಫ್ರಾಂಕ್ಲಿನ್ ಎಂಬ ವಿದುಷಿಯ ಮೇಲ್ವಿಚಾರಣೆಯಲ್ಲಿ ತೆಗೆದದ್ದು. ಆಕೆ 1958ರಲ್ಲಿ, ತನ್ನ 37ನೆಯ ವಯಸ್ಸಿನಲ್ಲಿಯೇ ತೀರಿಕೊಂಡಳು. ನಮ್ಮ ಹೆಣ್ಣುಮಕ್ಕಳು ಆಕೆಯ ಹೆಸರನ್ನು ಮರೆಯತಕ್ಕದ್ದಲ್ಲ.

ಈ ತಂತುವಿನ ದಪ್ಪವು ಒಂದು ಮಿಲಿಮೀಟರಿನ ಐದು ಲಕ್ಷದಲ್ಲಿ ಒಂದು ಭಾಗ ಮಾತ್ರ, ಉದ್ದವಾದರೋ ಆಶ್ಚರ್ಯಪಡುವಷ್ಟಿದೆ. ನಮ್ಮ ಕರುಳಿನಲ್ಲಿ ವಾಸಿಸುವ ಈ. ಕೋಲೈ ಎಂಬ ಸೂಕ್ಷ್ಮ ಕ್ರಿಮಿಯ ದೇಹವು ಒಂದು ಮಿಲಿಮೀಟರಿನ ಸಾವಿರದಲ್ಲಿ ಎರಡು ಭಾಗದಷ್ಟು ಉದ್ದ. ಅದರೊಳಗಿನ ಡಿ.ಎನ್.ಎ. ಉಂಗುರವನ್ನು ಬಿಡಿಸಿ ಚಾಚಿದರೆ ಒಂದೂವರೆ ಮಿಲಿಮೀಟರಿಗಿಂತಲೂ ಉದ್ದವಾಗುವದು. ಅಂದರೆ ದೇಹಕ್ಕಿಂತ ಸುಮಾರು ಎಂಟುನೂರು ಪಟ್ಟು. ಅದರಲ್ಲಿ 46 ಲಕ್ಷ ಮೆಟ್ಟಿಲುಗಳಿವೆ. ಹತ್ತೂವರೆಯಿಂದ ಭಾಗಿಸಿದರೆ, ಎರಡು ಎಳೆಗಳು ಒಂದನ್ನೊಂದು ಸುಮಾರು 4 ಲಕ್ಷ 40 ಸಾವಿರ ಸಲ ಸುತ್ತಿಕೊಂಡಿವೆಯೆಂದಾಯಿತು. ಕ್ರಿಮಿಯು ಎರಡಾಗುವಾಗ ಈ ಸುತ್ತುಗಳಲ್ಲಿ ಒಂದೂ ಉಳಿಯದಂತೆ ಬಿಚ್ಚಬೇಕು. ಒಂದು ಸುತ್ತು ಉಳಿದರೂ ಎರಡು ಮರಿಗಳು ಬೇರೆಯಾಗಲಾರವು.

ನಕಲು ಮಾಡುವ ಕೆಲಸವು ಉಂಗುರದ ಒಂದು ಸ್ಥಳದಲ್ಲಿ ಆರಂಭವಾಗಿ ಎರಡೂ ದಿಕ್ಕಿಗೆ ಸಾಗುತ್ತದೆ. ಪ್ರತಿ ದಿಕ್ಕಿನಲ್ಲಿ ಸೆಕೆಂಡಿಗೆ ಸುಮಾರು ಸಾವಿರ ಮೆಟ್ಟಿಲುಗಳು ಬಿಚ್ಚಿಕೊಳ್ಳುವವು. ಅಂದರೆ ಸೆಕೆಂಡಿಗೆ ನೂರರ ಹತ್ತಿರ ಸುತ್ತುಗಳು. ತರಗತಿಯ ಮಾಳಿಗೆಯಲ್ಲಿ ತೂಗುಹಾಕಿದ ಪಂಖವು ವೇಗವಾಗಿ ತಿರುಗಿದರೂ ಸೆಕೆಂಡಿಗೆ ಐದಾರು ಸುತ್ತು ಮಾತ್ರ ತಿರುಗುತ್ತದೆಂಬದನ್ನು ನೆನೆದರೆ, ಇದು ಎಂಥ ಕೆಲಸವೆಂಬದು ಮನಸ್ಸಿಗೆ ಬರುವದು.

2. ಮನೆಯಲ್ಲಿ ಮಾಡಿ ನೋಡತಕ್ಕ ಎರಡು ಪ್ರಯೋಗಗಳು

ಮೊದಲನೆಯ ಪ್ರಯೋಗ: ಮಾರುದ್ದದ ಎರಡು ಸುತಳಿಗಳನ್ನು ತೆಗೆದುಕೊಂಡು ಒಂದಕ್ಕೊಂದು ಹತ್ತು ಸಲ ಸುತ್ತಿರಿ. ಒಂದು ಕಡೆಯ ತುದಿಗಳೆರಡನ್ನೂ ಬಾಗಿಲ ಚಿಲಕಕ್ಕೆ ಬಿಗಿಯಾಗಿ ಕಟ್ಟಿರಿ. ಇನ್ನೊಂದು ಕಡೆಯ ತುದಿಗಳನ್ನು ಎರಡು ಕೈಗಳಲ್ಲಿ ಹಿಡಿದು ಅಗಲಿಸುತ್ತ ಹೋಗಿರಿ. ಅರ್ಧ ಉದ್ದದವರೆಗೆ ಎಳೆಗಳು ಅಗಲುವವು. ಆದರೆ ಹತ್ತು ಸುತ್ತುಗಳು ಹತ್ತಾಗಿಯೇ ಉಳಿದು, ಚಿಲಕದ ಕಡೆಯ ಅರ್ಧದಲ್ಲಿ ಒತ್ತಾಗಿ ಸೇರಿಕೊಂಡಿರುವವು. ಇನ್ನೂ ಜಗ್ಗಿದರೆ ಅಲ್ಲಿ ಹಗ್ಗವು ಬಿರುಸಾಗಿ, ತನ್ನನ್ನು ತಾನೇ ಸುತ್ತಿಕೊಂಡು ಮುರಿ ಬೀಳುವದು. ಆ ಹುಡುಗಿಯು ಹೇಳಿದ್ದು ಇದನ್ನೇ. ಎಳೆಗಳನ್ನು ಅಗಲಿಸಿದ್ದರಿಂದ ಸುತ್ತುಗಳು ಇಲ್ಲವಾಗಲಿಲ್ಲ. ಅವು ಮುಂದಕ್ಕೆ ಸರಿದವು.

ಎರಡನೆಯ ಪ್ರಯೋಗ: ಎರಡು ಬೆರಳು ಅಗಲ, ಒಂದು ಮೊಳ ಉದ್ದದ ಮೂರು ಕಾಗದದ ಪಟ್ಟಿಗಳನ್ನು ಕತ್ತರಿಸಿಕೊಳ್ಳಿರಿ. ಮೊದಲನೆಯದನ್ನು ತಿರುವದೆ ತುದಿಗಳನ್ನು ಅಂಟಿಸಿ ಬಳೆಯಂತೆ ಮಾಡಿರಿ. ಎರಡನೆಯದರ ಒಂದು ತುದಿಯನ್ನು ಪೂರ್ತಿ ಒಂದು ಸುತ್ತು ತಿರುವಿ ಅಂಟಿಸಿರಿ. ಮೂರನೆಯದನ್ನು ಪೂರ್ತಿ ಎರಡು ಸುತ್ತು ತಿರುವಿ ಅಂಟಿಸಿರಿ. ಇನ್ನು ಮೂರನ್ನೂ ಅಗಲದ ನಟ್ಟನಡುವಿನಿಂದ ಉದ್ದಕ್ಕೆ ಕತ್ತರಿಸುತ್ತ ಬನ್ನಿರಿ. ಮೊದಲನೆಯದರಿಂದ ಎರಡು ಬೇರೆ ಬೇರೆ ಬಳೆಗಳು ದೊರೆಯುವವು. ಎರಡನೆಯದರಿಂದ ಸರಪಳಿಯ ಕೊಂಡಿಗಳಂತೆ ಒಂದರೊಳಗೊಂದು ಸಿಕ್ಕ ಎರಡು ಬಳೆಗಳು. ಮೂರನೆಯದರಿಂದ ಎರಡು ಸಲ ಸಿಕ್ಕಿಕೊಂಡ ಬಳೆಗಳು. ತಿರುವು ಎಷ್ಟೋ ಕೊಂಡಿ ಅಷ್ಟೇ. ಪಟ್ಟಿಯ ಎರಡು ಅಂಚುಗಳನ್ನು ಡಿ.ಎನ್.ಎ.ಯ ಎರಡು ಎಳೆಗಳೆಂದು ತಿಳಿದುಕೊಳ್ಳಿರಿ. ತಾಯಿಯ ಉಂಗುರದಲ್ಲಿ ಬಿಚ್ಚದೆ ಉಳಿದ ಸುತ್ತುಗಳೇ ನಕಲಾದ ಮೇಲೆ ಎರಡು ಮರಿ ಉಂಗುರಗಳನ್ನು ಒಂದಕ್ಕೊಂದು ಸಿಕ್ಕಿಸುವ ಕೊಂಡಿಗಳಾಗುತ್ತವೆ.

3. ಕೊಂಡಿಗಳ ಎಣಿಕೆ

ತುದಿಯುಳ್ಳ ಹಗ್ಗದ ಹುರಿಯನ್ನು ತುದಿಯಿಂದ ತಿರುವಿ ಬಿಚ್ಚಬಹುದು. ಉಂಗುರಕ್ಕೆ ತುದಿಯಿಲ್ಲ. ಆದುದರಿಂದ ಒಂದು ಎಳೆಯು ಇನ್ನೊಂದನ್ನು ಎಷ್ಟು ಸಲ ಸುತ್ತಿದೆಯೆಂಬ ಲೆಕ್ಕವು, ಎಳೆಯನ್ನು ಕಡಿಯದ ಹೊರತು, ಎಂದಿಗೂ ಬದಲಾಗುವದಿಲ್ಲ. ಇದಕ್ಕೆ ಕೊಂಡಿಸಂಖ್ಯೆಯೆಂದು ಹೆಸರಿಡೋಣ. ಉಂಗುರವನ್ನು ಜಗ್ಗಿರಿ, ಮಡಿಚಿರಿ, ಅಲುಗಾಡಿಸಿರಿ. ಕೊಂಡಿಸಂಖ್ಯೆ ಅಷ್ಟೇ ಇರುವದು.

ಆದರೆ ಆ ಸಂಖ್ಯೆಯು ಎರಡು ರೂಪಗಳಲ್ಲಿ ಹಂಚಿಕೊಂಡಿರಬಹುದು. ಎಳೆಗಳು ಒಂದರ ಸುತ್ತ ಒಂದು ಹೊಸೆದುಕೊಂಡಿರುವದು ಹುರಿ. ಇಡೀ ಹಗ್ಗವು ತನ್ನನ್ನೇ ತಾನು ಸುತ್ತಿಕೊಳ್ಳುವದು ಮೇಲ್ಸುತ್ತು. ಬಹಳ ಬಿಗಿಯಾಗಿ ಹೆಣೆದ ಜಡೆಯು ಬೆನ್ನ ಮೇಲೆ ನೆಟ್ಟಗೆ ಬೀಳದೆ ಮುರುಟಿಕೊಳ್ಳುವದನ್ನು ತಾಯಂದಿರು ನೋಡಿರಬಹುದು. ಹುರಿ ಮತ್ತು ಮೇಲ್ಸುತ್ತು ಕೂಡಿ ಕೊಂಡಿಸಂಖ್ಯೆಗೆ ಸಮವಾಗಿರುತ್ತವೆ. ಒಂದು ಕಡಿಮೆಯಾದರೆ ಇನ್ನೊಂದು ಅಷ್ಟೇ ಹೆಚ್ಚಬೇಕು. ಈ ಗಣಿತವನ್ನು ರುಮೇನಿಯಾ ದೇಶದ ಕಲುಗರೆಯಾನು ಎಂಬವರು 1959ರಿಂದ 1961ರ ಅವಧಿಯಲ್ಲಿಯೂ, ಅಮೇರಿಕದ ಜೇಮ್ಸ್ ವೈಟ್ ಎಂಬವರು 1969ರಲ್ಲಿಯೂ ಸಾಧಿಸಿದರು. ಅವರಿಗಿಂತ ಬೇರೆಯಾಗಿ, 1965ರಲ್ಲಿ ಜೆರೋಮ್ ವಿನೊಗ್ರಾಡ್ ಮತ್ತು ಸಂಗಡಿಗರು ಒಂದು ವೈರಾಣುವಿನ ಡಿ.ಎನ್.ಎ. ಉಂಗುರವು ಹೀಗೆಯೇ ಮೇಲ್ಸುತ್ತಾಗಿ ಸುತ್ತಿಕೊಂಡಿರುವದನ್ನು ಕಂಡುಹಿಡಿದಿದ್ದರು.

4. ಹುರಿಯ ಬೆಲೆ

ಹಗ್ಗ ಹೊಸೆಯುವವರ ಅಂಗೈಗೆ ಗೊತ್ತಿರುವ ಒಂದು ಸಂಗತಿಯುಂಟು. ಮೊದಲಿನ ತಿರುವುಗಳು ಸುಲಭ. ಕೊನೆಯವುಗಳಿಗೆ ಬಲ ಬೇಕು. ಡಿ.ಎನ್.ಎ.ಯಲ್ಲಿಯೂ ಹಾಗೆಯೇ. ಸಹಜ ಸ್ಥಿತಿಗಿಂತ ಕೊಂಡಿಗಳು ಎಷ್ಟು ಹೆಚ್ಚು ಅಥವಾ ಕಡಿಮೆ ಇವೆಯೋ, ಆ ಅಂತರದ ವರ್ಗದಷ್ಟು ಶಕ್ತಿಯು ಉಂಗುರದಲ್ಲಿ ಕೂಡಿರುತ್ತದೆ. ಅಂತರವು ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು, ಮೂರು ಪಟ್ಟಾದರೆ ಒಂಬತ್ತು ಪಟ್ಟು.

ಒಂದು ಲೆಕ್ಕ ಮಾಡೋಣ. 4200 ಮೆಟ್ಟಿಲುಗಳ ಒಂದು ಸಣ್ಣ ಉಂಗುರವಿದೆಯೆಂದು ತಿಳಿಯಿರಿ. ಸಹಜವಾಗಿ ಅದರಲ್ಲಿ 400 ಸುತ್ತುಗಳಿರಬೇಕು. ಕ್ರಿಮಿಗಳ ಕೋಶದಲ್ಲಿ ನೂರಕ್ಕೆ ಸುಮಾರು ಆರರಂತೆ ಸುತ್ತುಗಳು ಕಡಿಮೆ ಇರುತ್ತವೆ, ಅಂದರೆ 376. ಈ 24 ಸುತ್ತುಗಳನ್ನು ತೆಗೆಯುವ ಕೆಲಸವನ್ನು ಗೈರೇಸ್ ಎಂಬ ಕಿಣ್ವವು ಮಾಡುತ್ತದೆ. ಅದು ಹಗ್ಗದ ಒಂದು ಕಡೆ ಎರಡೂ ಎಳೆಗಳನ್ನು ಕಡಿದು, ಆ ಸಂದಿನಲ್ಲಿ ಅದೇ ಹಗ್ಗದ ಇನ್ನೊಂದು ಭಾಗವನ್ನು ದಾಟಿಸಿ, ಕಡಿದದ್ದನ್ನು ಮತ್ತೆ ಕೂಡಿಸುತ್ತದೆ. ಹೀಗೆ ಒಂದೊಂದು ಹೆಜ್ಜೆಗೆ ಕೊಂಡಿಸಂಖ್ಯೆಯು ಎರಡು ಕಡಿಮೆಯಾಗುತ್ತದೆ. ಮೊದಲನೆಯ ಹೆಜ್ಜೆಗೆ 2ರ ವರ್ಗ, ಅಂದರೆ 4 ಪಾಲು ಶಕ್ತಿ ಬೇಕು. ಹನ್ನೆರಡನೆಯ ಹೆಜ್ಜೆಗೆ 24ರ ವರ್ಗದಲ್ಲಿ 22ರ ವರ್ಗವನ್ನು ಕಳೆಯಬೇಕು: 576ರಲ್ಲಿ 484 ಹೋದರೆ 92. ಒಂದೇ ಕೆಲಸ; ಆದರೆ ಕೊನೆಯ ಹೆಜ್ಜೆಯ ಬೆಲೆಯು ಮೊದಲನೆಯದರ 23 ಪಟ್ಟು. ರಸಾಯನಶಾಸ್ತ್ರದ ಅಳತೆಯಲ್ಲಿ ಹೇಳುವದಾದರೆ, ಮೊದಲನೆಯದಕ್ಕೆ ಮೋಲಿಗೆ ಅರ್ಧ ಕಿಲೊಕ್ಯಾಲರಿಗಿಂತ ತುಸು ಹೆಚ್ಚು, ಹನ್ನೆರಡನೆಯದಕ್ಕೆ ಸುಮಾರು ಹದಿನೈದು.

ಈ ಬೆಲೆಯನ್ನು ಕೊಡುವದು ಎ.ಟಿ.ಪಿ. ಎಂಬ ಪದಾರ್ಥ. ಕೋಶದೊಳಗೆ ಅದೇ ನಾಣ್ಯವಿದ್ದಂತೆ. ಗೈರೇಸ್ ಒಂದು ಹೆಜ್ಜೆಗೆ ಎರಡು ಎ.ಟಿ.ಪಿ.ಗಳನ್ನು ಖರ್ಚುಮಾಡುತ್ತದೆ, ಅವೆರಡರಿಂದ ದೊರೆಯುವದು ಸುಮಾರು 24 ಕಿಲೊಕ್ಯಾಲರಿ. ಹಾಗಾದರೆ ನಮ್ಮ ಉಂಗುರದಲ್ಲಿ ಹತ್ತೊಂಬತ್ತನೆಯ ಹೆಜ್ಜೆಯ ಹತ್ತಿರ ಖರ್ಚು ಆದಾಯಕ್ಕೆ ಸಮವಾಗಿ, ಗೈರೇಸ್ ನಿಲ್ಲಬೇಕು. ಆಗ ನೂರಕ್ಕೆ ಒಂಬತ್ತು ಹತ್ತು ಸುತ್ತುಗಳು ಕಡಿಮೆಯಾಗಿರುವವು. ಪ್ರಯೋಗಶಾಲೆಯಲ್ಲಿ ಕಂಡದ್ದೂ ಹೆಚ್ಚುಕಡಿಮೆ ಅಷ್ಟೇ. ಮೇಲ್ನೋಟಕ್ಕೆ ಮಾಯೆಯಂತೆ ತೋರುವ ಈ ಕೆಲಸವು ಮನೆಯ ಜಮಾಖರ್ಚಿನಂತೆ ಲೆಕ್ಕಕ್ಕೆ ಸಿಕ್ಕುವದೆಂಬದೇ ನನಗೆ ಬಹಳ ಸಂತೋಷವನ್ನುಂಟುಮಾಡಿದ ಸಂಗತಿ.

ಇಷ್ಟು ಖರ್ಚುಮಾಡಿ ಸುತ್ತುಗಳನ್ನು ಕಡಿಮೆಮಾಡುವದೇಕೆ? ಗಡಿಯಾರಕ್ಕೆ ಕೀಲಿ ಕೊಟ್ಟರೆ ನಮ್ಮ ಕೈಯ ಬಲವು ಅದರ ಸುರುಳಿಯಲ್ಲಿ ಉಳಿದು ಮುಳ್ಳುಗಳನ್ನು ನಡೆಸುವಂತೆ, ಸುತ್ತು ಕಡಿಮೆಯಿರುವ ಉಂಗುರದಲ್ಲಿ ಶಕ್ತಿಯು ಕೂಡಿರುತ್ತದೆ. ಎಳೆಗಳನ್ನು ಅಗಲಿಸಿ ಒಳಗಿನ ಬರಹವನ್ನು ಓದಬೇಕಾದಾಗ ಆ ಶಕ್ತಿಯು ಸಹಾಯಕ್ಕೆ ಬರುತ್ತದೆ. ನಕಲಾಗುವಾಗ ಮುಂದೆ ಒತ್ತಾಗಿ ಸೇರುವ ಸುತ್ತುಗಳನ್ನು ತೆಗೆಯುವದೂ ಗೈರೇಸಿನ ಕೆಲಸವೇ.

5. ಒಂದರೊಳಗೊಂದು ಸಿಕ್ಕ ಉಂಗುರಗಳು

ಎಷ್ಟು ಜಾಗರೂಕತೆಯಿಂದ ಬಿಚ್ಚಿದರೂ ನಕಲು ಮುಗಿಯುವ ಹೊತ್ತಿಗೆ ಕೆಲವು ಸುತ್ತುಗಳು ಉಳಿದೇ ಉಳಿಯುವವು. ಕಾಗದದ ಬಳೆಗಳಲ್ಲಿ ನೋಡಿದಂತೆ, ಅವು ಮರಿ ಉಂಗುರಗಳ ನಡುವಿನ ಕೊಂಡಿಗಳಾಗುವವು. ಸಿಕ್ಕಿಕೊಂಡ ಬಳೆಗಳನ್ನು ಜಗ್ಗಿ ಬೇರ್ಪಡಿಸಲು ಹೋದರೆ ಹರಿಯುವವು; ಬಿಡವು. ಒಂದನ್ನು ಕಡಿದು, ಇನ್ನೊಂದನ್ನು ಆ ಸಂದಿನಿಂದ ದಾಟಿಸಿ, ಕಡಿದದ್ದನ್ನು ಮೊದಲಿನಂತೆ ಕೂಡಿಸುವದೊಂದೇ ಮಾರ್ಗ. ಈ ಕೆಲಸ ಮಾಡುವ ಕಿಣ್ವಗಳಿಗೆ ಟೊಪೊಐಸೊಮರೇಸುಗಳೆಂದು ಹೆಸರು. ಮೊದಲನೆಯದನ್ನು ಜೇಮ್ಸ್ ವಾಂಗ್ ಎಂಬವರು 1971ರಲ್ಲಿ ಪ್ರಕಟಿಸಿದರು. ಅದು ಒಂದೇ ಎಳೆಯನ್ನು ಕಡಿದು ಕೂಡಿಸುವಂಥದು. ಗೈರೇಸನ್ನು 1976ರಲ್ಲಿ ಮಾರ್ಟಿನ್ ಗೆಲ್ಲರ್ಟ್, ಮಿಜುಯುಚಿ, ಮೇರಿ ಓಡೀ ಮತ್ತು ನ್ಯಾಶ್ ಎಂಬವರು ಅಮೇರಿಕದಲ್ಲಿ ಕಂಡುಹಿಡಿದರು. ಈ ಕಿಣ್ವಗಳು ಕಡಿದ ತುದಿಯನ್ನು ಕೈಬಿಡುವದಿಲ್ಲ. ಅದನ್ನು ತಮ್ಮ ದೇಹಕ್ಕೆ ಜೋಡಿಸಿಕೊಂಡೇ ಇರುತ್ತವೆ. ಹೀಗೆ ಕಡಿದ ಬಂಧದ ಶಕ್ತಿಯು ಹಾಳಾಗದೆ ಉಳಿಯುವದರಿಂದ, ಮತ್ತೆ ಕೂಡಿಸುವದಕ್ಕೆ ಬೇರೆ ಖರ್ಚು ಬೀಳುವದಿಲ್ಲ.

ಇಲ್ಲಿ ಒಂದು ಸಂದೇಹವು ಹುಟ್ಟುವದು. ಕಡಿದು ದಾಟಿಸುವ ಕೈಯು ಸಿಕ್ಕನ್ನು ಬಿಡಿಸಬಲ್ಲದಾದರೆ, ಬಿಡಿಯಾದ ಉಂಗುರಗಳನ್ನು ಸಿಕ್ಕಿಸಲೂ ಬಲ್ಲದು. ಬಿಡಿಸುವ ಕಡೆಗೇ ಕೆಲಸವು ಸಾಗುವದೇಕೆ? ಇದಕ್ಕೆ ಮೂರು ಉತ್ತರಗಳಿವೆ.

ಮೊದಲನೆಯದು, ಸಿಕ್ಕಿಕೊಂಡ ಎರಡು ಉಂಗುರಗಳು ಒಂದನ್ನು ಬಿಟ್ಟು ಒಂದು ದೂರ ಹೋಗಲಾರವು. ಬಿಡಿ ಉಂಗುರಗಳು ತಮ್ಮಿಷ್ಟದಂತೆ ಅಲೆದಾಡಬಲ್ಲವು. ಸ್ಥಳವು ವಿಶಾಲವಾಗಿದ್ದರೆ ಸ್ವಾತಂತ್ರ್ಯವುಳ್ಳ ಸ್ಥಿತಿಯ ಕಡೆಗೆ ವಸ್ತುಗಳು ವಾಲುವದು ಪ್ರಕೃತಿಯ ನಿಯಮ.

ಎರಡನೆಯದು, ಮೇಲೆ ಹೇಳಿದ ಮೇಲ್ಸುತ್ತಿನ ಸಹಾಯ. ತನ್ನನ್ನೇ ತಾನು ಬಿಗಿಯಾಗಿ ಸುತ್ತಿಕೊಂಡ ಉಂಗುರವು ಸಣ್ಣ ಉಂಡೆಯಾಗಿರುತ್ತದೆ. ಇನ್ನೊಂದು ಉಂಗುರವನ್ನು ಹಲವು ಸಲ ಸುತ್ತಿಕೊಳ್ಳಲು ಅದರಲ್ಲಿ ಎಡೆಯಿರುವದಿಲ್ಲ. ಹಾಗೆ ಸುತ್ತಿಕೊಂಡಿದ್ದರೆ ಅದಕ್ಕಾಗಿ ಹೆಚ್ಚಿನ ಬೆಲೆ ತೆರಬೇಕಾಗುವದರಿಂದ, ಅವಕಾಶ ಸಿಕ್ಕ ಕೂಡಲೇ ಕೊಂಡಿಗಳು ಕಡಿಮೆಯಾಗುವ ಕಡೆಗೆ ಕೆಲಸವು ಸಾಗುತ್ತದೆ. ಗೈರೇಸ್ ಖರ್ಚುಮಾಡಿ ಇಟ್ಟ ಶಕ್ತಿಯು ಇಲ್ಲಿಯೂ ಬಡ್ಡಿಯೊಂದಿಗೆ ಹಿಂದಿರುಗಿದಂತಾಯಿತು.

ಮೂರನೆಯದು ಆಶ್ಚರ್ಯಕರವಾದದ್ದು. ಎರಡೂ ಎಳೆಗಳನ್ನು ಕಡಿಯುವ ಕಿಣ್ವಗಳು ಇಳಿಜಾರಿನ ಕೆಲಸಕ್ಕೂ ಎ.ಟಿ.ಪಿ. ಖರ್ಚುಮಾಡುವದೇಕೆಂಬದು ಬಹಳ ದಿನಗಳವರೆಗೆ ಬಗೆಹರಿದಿರಲಿಲ್ಲ. 1997ರಲ್ಲಿ ರಿಬೆಂಕೋವ್, ಉಲ್ಸ್‌ಪರ್ಜರ್, ವೊಲೊಗೊಡ್‌ಸ್ಕಿ ಮತ್ತು ಕೊಜ್ಜರೆಲ್ಲಿ ಎಂಬವರು ಅಳೆದು ನೋಡಿ, ಈ ಕಿಣ್ವಗಳು ಗಂಟುಗಳನ್ನೂ ಕೊಂಡಿಗಳನ್ನೂ ತಾನಾಗಿ ಉಳಿಯತಕ್ಕ ಪ್ರಮಾಣಕ್ಕಿಂತ 80 ಪಟ್ಟಿನವರೆಗೆ ಕಡಿಮೆ ಮಾಡಬಲ್ಲವೆಂದು ತೋರಿಸಿದರು. ಸುಮ್ಮನೆ ಬಿಟ್ಟರೆ ಎಷ್ಟು ಕಸ ಉಳಿಯುವದೋ, ಗೃಹಿಣಿಯು ಪೊರಕೆ ಹಿಡಿದು ಗುಡಿಸಿದ ಮೇಲೆ ಅದಕ್ಕಿಂತ ಬಹಳ ಕಡಿಮೆ ಉಳಿಯುವಂತೆ ಇದು. ಆ ಶ್ರಮಕ್ಕಾಗಿಯೇ ಈ ಖರ್ಚು.

6. ಬೆಂಗಳೂರಿನಲ್ಲಿ ಹುಟ್ಟಿದ ಸಂದೇಹ

ನಮ್ಮ ವಿದ್ಯಾರ್ಥಿನಿಯ ಪ್ರಶ್ನೆಯನ್ನು ಮೊದಲು ಗಟ್ಟಿಯಾಗಿ ಎತ್ತಿದವರಲ್ಲಿ ಮ್ಯಾಕ್ಸ್ ಡೆಲ್‌ಬ್ರುಕ್ ಒಬ್ಬರು. ಇಷ್ಟು ಸುತ್ತುಗಳು ಬಿಚ್ಚುವದು ಹೇಗೆಂದು 1954ರಲ್ಲಿಯೇ ಅವರು ವಿಚಾರಿಸಿ, ಎಳೆಗಳನ್ನು ಕಡಿದು ಕೂಡಿಸಬೇಕಾದೀತೆಂದು ಬರೆದಿದ್ದರು. ಆದರೆ ಬೇರೊಂದು ಉತ್ತರವೂ ಇರಬಹುದಷ್ಟೆ. ಎಳೆಗಳು ನಿಜವಾಗಿ ಸುತ್ತಿಕೊಂಡೇ ಇರದಿದ್ದರೆ?

ಈ ಉತ್ತರವನ್ನು 1976ರಲ್ಲಿ ನ್ಯೂಜಿಲೆಂಡಿನ ರಾಡ್ಲಿ ಮತ್ತು ಸಂಗಡಿಗರೂ, ಅವರಿಂದ ಬೇರೆಯಾಗಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ಶಶಿಶೇಖರನ್ ಮತ್ತು ಎನ್. ಪಟ್ಟಾಭಿರಾಮನ್ ಅವರೂ ಮುಂದಿಟ್ಟರು. ಜಿ. ಎನ್. ರಾಮಚಂದ್ರನ್ ಅವರು ಕಟ್ಟಿದ ಅಣುಜೀವಭೌತ ವಿಭಾಗದಲ್ಲಿ ನಡೆದ ಕೆಲಸವಿದು. ಏಣಿಯು ಸ್ವಲ್ಪ ದೂರ ಬಲಕ್ಕೂ ಮುಂದೆ ಅಷ್ಟೇ ದೂರ ಎಡಕ್ಕೂ ತಿರುಗುತ್ತ ಹೋದರೆ, ಸುತ್ತುಗಳು ಒಂದನ್ನೊಂದು ಅಳಿಸಿಹಾಕಿ, ಎರಡು ಎಳೆಗಳು ಅಕ್ಕಪಕ್ಕದಲ್ಲಿಯೇ ಸಾಗುವವು. ಆಗ ಕಡಿಯದೆಯೇ ಅಗಲಿಸಬಹುದು. ಅಂಥ ರಚನೆಯು ರಸಾಯನಶಾಸ್ತ್ರದ ನಿಯಮಗಳಿಗೆ ವಿರುದ್ಧವಲ್ಲವೆಂದು ಅವರು ತೋರಿಸಿದರು. ಜಗತ್ತೆಲ್ಲ ಒಪ್ಪಿಕೊಂಡದ್ದನ್ನು ಮರಳಿ ಕೇಳುವ ಧೈರ್ಯವು ಅವರಲ್ಲಿತ್ತು.

ಪ್ರಶ್ನೆಯ ತೀರ್ಮಾನವು ಎಣಿಕೆಯಿಂದಲೇ ಆಯಿತು. ಒಂದೇ ಅಳತೆಯ ಎರಡು ಉಂಗುರಗಳಲ್ಲಿ ಹೆಚ್ಚು ಮೇಲ್ಸುತ್ತಿರುವದು ಹೆಚ್ಚು ಅಡಕವಾಗಿರುವದರಿಂದ, ಲೋಳೆಯಂಥ ಮಾಧ್ಯಮದಲ್ಲಿ ವಿದ್ಯುತ್ತಿನಿಂದ ಎಳೆದಾಗ ಮುಂದೆ ಓಡುತ್ತದೆ. ಒಂದೇ ಒಂದು ಕೊಂಡಿಯ ವ್ಯತ್ಯಾಸವಿದ್ದರೂ ಬೇರೆ ಪಟ್ಟೆಯಾಗಿ ಕಾಣುವಷ್ಟು ಸೂಕ್ಷ್ಮವಾದ ವಿಧಾನವಿದು. 1979ರಲ್ಲಿ ವಾಂಗ್ ಅವರು ಉಂಗುರಗಳೊಳಗೆ ಗೊತ್ತಿದ್ದಷ್ಟು ಮೆಟ್ಟಿಲುಗಳನ್ನು ಹೆಚ್ಚಾಗಿ ಸೇರಿಸಿ ಪಟ್ಟೆಗಳು ಎಷ್ಟು ಸರಿಯುವವೆಂದು ನೋಡಿದರು. ಎಳೆಗಳು ಅಕ್ಕಪಕ್ಕದಲ್ಲಿದ್ದರೆ, ಉದ್ದ ಹೆಚ್ಚಿಸಿದರೂ ಕೊಂಡಿಗಳು ಹೆಚ್ಚತಕ್ಕದ್ದಲ್ಲ. ಆದರೆ ಹತ್ತೂವರೆಯ ಸಮೀಪದ ಮೆಟ್ಟಿಲುಗಳಿಗೆ ಒಂದರಂತೆ ಕೊಂಡಿಗಳು ಹೆಚ್ಚಿದವು. ಅದೇ ವರ್ಷ ಕ್ರಿಕ್, ವಾಂಗ್ ಮತ್ತು ಬಾವರ್ ಅವರು ಕೂಡಿ ಬರೆದ ಲೇಖನದಲ್ಲಿ ಆಧಾರಗಳನ್ನೆಲ್ಲ ತೂಗಿ, ಡಿ.ಎನ್.ಎ. ಸುತ್ತಿಕೊಂಡ ಹುರಿಯೇ ಅಹುದೆಂದು ನಿರ್ಣಯಿಸಿದರು.

ಬೆಂಗಳೂರಿನವರ ಉತ್ತರವು ತಪ್ಪಾಯಿತು, ಪ್ರಶ್ನೆಯು ತಪ್ಪಾಗಿರಲಿಲ್ಲ. ಆ ಪ್ರಶ್ನೆಗೆ ಉತ್ತರ ಕೊಡುವದಕ್ಕಾಗಿಯೇ ಹಳೆಯ ರಚನೆಯ ಆಧಾರಗಳನ್ನು ಇನ್ನೊಮ್ಮೆ ಗಟ್ಟಿಮಾಡಿಕೊಳ್ಳಬೇಕಾಯಿತು. ನಮ್ಮ ಮಕ್ಕಳ ತಪ್ಪು ಉತ್ತರಗಳಿಗೆ ಕೆಂಪು ಗೆರೆ ಎಳೆಯುವಾಗ ಶಿಕ್ಷಕಿಯರಾದ ನಾವು ಈ ಕಥೆಯನ್ನು ನೆನೆಯುವದು ಒಳ್ಳೆಯದು.

7. ಕ್ಷಯರೋಗದ ಕ್ರಿಮಿಯೂ ಗೈರೇಸೂ

ಇದೆಲ್ಲ ಪಂಡಿತರ ವಿಚಾರ, ನಮಗೇನು ಪ್ರಯೋಜನವೆಂದು ಪಾಲಕರು ಕೇಳಬಹುದು. ಹೊಸರಿತ್ತಿಯ ಸುತ್ತಿನಲ್ಲಿಯಾಗಲಿ, ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಕಡೆಯಲ್ಲಿಯಾಗಲಿ, ಕ್ಷಯರೋಗದ ಹೆಸರನ್ನು ಕೇಳದ ಮನೆಯಿರಲಾರದು. ಆ ರೋಗದ ಕ್ರಿಮಿಯ ಡಿ.ಎನ್.ಎ.ಯೂ ತುದಿಯಿಲ್ಲದ ಉಂಗುರವೇ. ಅದರಲ್ಲಿ 44 ಲಕ್ಷ ಮೆಟ್ಟಿಲುಗಳು, 4 ಲಕ್ಷಕ್ಕೂ ಮಿಕ್ಕಿ ಸುತ್ತುಗಳು.

ಈ. ಕೋಲೈ ಕ್ರಿಮಿಯಲ್ಲಿ ಹುರಿ ತೆಗೆಯುವದಕ್ಕೆ ಗೈರೇಸೂ, ಸಿಕ್ಕಿದ ಉಂಗುರಗಳನ್ನು ಬಿಡಿಸುವದಕ್ಕೆ ಮುಖ್ಯವಾಗಿ ನಾಲ್ಕನೆಯ ಟೊಪೊಐಸೊಮರೇಸ್ ಎಂಬ ಬೇರೆ ಕಿಣ್ವವೂ ಇವೆ. ಕ್ಷಯದ ಕ್ರಿಮಿಯಲ್ಲಿ ಈ ಎರಡನೆಯದು ಇಲ್ಲ. ಹಾಗಾದರೆ ಅದರ ಮರಿ ಉಂಗುರಗಳು ಬೇರೆಯಾಗುವದು ಹೇಗೆ? ಬೆಂಗಳೂರಿನ ಅದೇ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ನಾಗರಾಜ ಅವರೂ ಅವರ ಸಂಗಡಿಗರೂ ಕ್ಷಯದ ಕ್ರಿಮಿಯ ನಿರುಪದ್ರವಿ ಬಂಧುವಾದ ಮೈಕೋಬ್ಯಾಕ್ಟೀರಿಯಂ ಸ್ಮೆಗ್ಮಾಟಿಸ್ ಎಂಬ ಕ್ರಿಮಿಯ ಗೈರೇಸನ್ನು ಶುದ್ಧಗೊಳಿಸಿ ಪರೀಕ್ಷಿಸಿ, ಅದು ಸಿಕ್ಕಿದ ಉಂಗುರಗಳನ್ನು ಬಿಡಿಸುವದರಲ್ಲಿಯೂ ಬಹು ಸಮರ್ಥವೆಂದು 2002ರಲ್ಲಿ ಪ್ರಕಟಿಸಿದರು. ಒಂದೇ ಕಿಣ್ವದ ಮೇಲೆ ಎರಡು ಕೆಲಸಗಳ ಭಾರ. ಆ ಒಂದನ್ನು ತಡೆದರೆ ಕ್ರಿಮಿಯ ಬಾಳು ಅಲ್ಲಿಗೆ ನಿಂತಿತು.

ಲೆವೊಫ್ಲಾಕ್ಸಸಿನ್, ಮಾಕ್ಸಿಫ್ಲಾಕ್ಸಸಿನ್ ಎಂಬ ಔಷಧಗಳು ಮಾಡುವದು ಇದನ್ನೇ. ಗೈರೇಸ್ ಎಳೆಗಳನ್ನು ಕಡಿದ ಕ್ಷಣದಲ್ಲಿ ಅವು ಅದನ್ನು ಹಿಡಿದುಬಿಡುತ್ತವೆ, ಕಡಿದದ್ದು ಕೂಡುವದಿಲ್ಲ. ಕ್ರಿಮಿಯು ತನ್ನನ್ನು ಬಿಡಿಸಿಕೊಳ್ಳುವ ಕತ್ತರಿಯಿಂದಲೇ ಸಾಯುತ್ತದೆ. ಸಾಮಾನ್ಯ ಕ್ಷಯಕ್ಕೆ ಐಸೊನಿಯಾಜಿಡ್, ರಿಫಾಂಪಿಸಿನ್ ಮೊದಲಾದ ನಾಲ್ಕು ಔಷಧಗಳಿಂದ ಆರು ತಿಂಗಳ ಚಿಕಿತ್ಸೆಯುಂಟು. ಅವುಗಳಿಗೆ ಬಗ್ಗದ ಕ್ಷಯಕ್ಕಾಗಿ 2024ರಲ್ಲಿ ಭಾರತ ಸರಕಾರವು ಒಪ್ಪಿದ ಆರು ತಿಂಗಳ ಹೊಸ ಚಿಕಿತ್ಸೆಯ ನಾಲ್ಕು ಔಷಧಗಳಲ್ಲಿ ಮಾಕ್ಸಿಫ್ಲಾಕ್ಸಸಿನ್ ಒಂದು.

ಆದರೆ ಗೈರೇಸಿನ ಒಂದೆರಡು ಸ್ಥಳಗಳಲ್ಲಿ ಸಣ್ಣ ಬದಲಾವಣೆಯಾದರೆ ಈ ಔಷಧವು ಅದನ್ನು ಹಿಡಿಯಲಾರದು. ಔಷಧವನ್ನು ಅರ್ಧಕ್ಕೆ ಬಿಟ್ಟಾಗ, ಅಥವಾ ಎರಡು ದಿನದ ಜ್ವರಕ್ಕೂ ಕೆಮ್ಮಿಗೂ ವೈದ್ಯರನ್ನು ಕೇಳದೆ ಅಂಗಡಿಯಿಂದ ಈ ಬಗೆಯ ಗುಳಿಗೆಗಳನ್ನು ತಂದು ನುಂಗಿದಾಗ, ಅಂಥ ಬದಲಾದ ಕ್ರಿಮಿಗಳೇ ಉಳಿದು ಬೆಳೆಯುವವು. ಅಷ್ಟೇ ಅಲ್ಲದೆ, ಒಳಗಿರುವ ಕ್ಷಯವು ಕೆಲವು ದಿನ ಅಡಗಿ, ಗೊತ್ತಾಗುವದು ತಡವಾಗುವದು. ಎರಡು ವಾರಕ್ಕೂ ಹೆಚ್ಚು ಕೆಮ್ಮು ನಿಲ್ಲದಿದ್ದರೆ ಸರಕಾರಿ ಆಸ್ಪತ್ರೆಯಲ್ಲಿ ಕಫವನ್ನು ಪರೀಕ್ಷೆ ಮಾಡಿಸಿರಿ. ಪರೀಕ್ಷೆಯೂ ಔಷಧವೂ ಅಲ್ಲಿ ಉಚಿತ. ಮನೆಯಲ್ಲಿ ಯಾರಿಗಾದರೂ ಚಿಕಿತ್ಸೆ ನಡೆದಿದ್ದರೆ ಕೊನೆಯ ಗುಳಿಗೆಯವರೆಗೆ ಕೊಡಿಸಿರಿ. ಹಳೆಯ ವಿದ್ಯಾರ್ಥಿನಿಯರೇ, ನೀವು ಈಗ ಮನೆಗಳ ಯಜಮಾನಿತಿಯರು. ಈ ಮಾತು ನಿಮ್ಮಿಂದ ನಡೆಯತಕ್ಕದ್ದು.

8. ಮುಕ್ತಾಯ

ಹುರಿ ಹಾಕುವದಕ್ಕೆ ಬೆಲೆಯುಂಟು. ಆ ಬೆಲೆಯು ವ್ಯರ್ಥವಾಗದೆ ಹಗ್ಗದಲ್ಲಿಯೇ ಉಳಿದು ಬಿಡಿಸುವ ಕಾಲಕ್ಕೆ ಸಹಾಯವಾಗುತ್ತದೆ. ಸಿಕ್ಕಿಕೊಂಡ ಉಂಗುರಗಳು ಜಗ್ಗುವದರಿಂದ ಬಿಡದೆ, ಹಿಡಿದು ಕಡಿದು ದಾಟಿಸಿ ಕೂಡಿಸುವ ಕೈಯಿಂದ ಬಿಡುತ್ತವೆ. ಇದೇ ಈ ಪಾಠದ ಸಾರಾಂಶ. ತಾಯಿಯ ಗರ್ಭದಲ್ಲಿ ನಮ್ಮನ್ನು ನೇಯ್ದವನನ್ನು ಕೊಂಡಾಡುವ ಕೀರ್ತನೆಯನ್ನು ನಾವು ಶಾಲೆಯ ಪ್ರಾರ್ಥನೆಯಲ್ಲಿ ಎಷ್ಟೋ ಸಲ ಓದಿದ್ದೇವೆ. ಆ ನೇಯ್ಗೆಯಲ್ಲಿ ಇಷ್ಟು ಲೆಕ್ಕವೂ ಇಷ್ಟು ಜಾಗರೂಕತೆಯೂ ಇರುವವೆಂಬದು ಈ ವಿಷಯವನ್ನು ಓದಿದ ಮೇಲೆಯೇ ನನ್ನ ಮನಸ್ಸಿಗೆ ಬಂದಿತು.

ಕಡೆಗೆ, ಆ ಹಿಂದಿನ ಸಾಲಿನ ಹುಡುಗಿಗೆ ಎರಡು ಮಾತು. ಮಗಳೇ, ಈ ಸಂಚಿಕೆಯು ನಿನ್ನ ಕೈಗೆ ಬಂದೀತೆಂದು ನಂಬಿದ್ದೇನೆ. ನೀನು ಅಂದು ಹೇಳಿದ್ದು ಸರಿಯಾಗಿತ್ತು. ಹೊಸೆದ ಹಗ್ಗವು ಜಿಪ್ಪಿನಂತೆ ಬಿಚ್ಚುವದಿಲ್ಲ. ನಿಮ್ಮ ಮನೆಯ ಹಗ್ಗವು ನಿನಗೆ ಕಲಿಸಿದ್ದನ್ನು ನನ್ನ ಪುಸ್ತಕವು ನನಗೆ ಕಲಿಸಿರಲಿಲ್ಲ. ನಿನ್ನನ್ನು ಕುಳ್ಳಿರಿಸಿದ್ದಕ್ಕಾಗಿ ನನ್ನನ್ನು ಕ್ಷಮಿಸು. ನಿನಗೆ ಮಕ್ಕಳಾಗಿ ಅವರು ಇಂಥ ಪ್ರಶ್ನೆಗಳನ್ನು ಕೇಳಿದರೆ ನಿಲ್ಲಿಸಬೇಡ. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲವೆಂದು ಹೇಳಿ, ಅವರನ್ನು ಕರೆದುಕೊಂಡು ಶಾಲೆಗೆ ಬಾ; ಕೂಡಿ ಹುಡುಕೋಣ.

— ಮುಖ್ಯಾಧ್ಯಾಪಿನಿ